ಊರು ಬಿಡುವುದಲ್ಲ, ಮೂರು ರಾತ್ರಿ ಮನೆ ಬಿಡುವುದು

ಮಲೆನಾಡಿನ ಹಿರಿಯರು ಮಳೆಯನ್ನು ನಕ್ಷತ್ರಗಳ ಲೆಕ್ಕದಲ್ಲಿ ನೆನಪಿಡುತ್ತಾರೆ. ಕಳೆದ ಕೆಲವು ವರ್ಷಗಳ ಗುಡ್ಡ ಕುಸಿತಗಳನ್ನು ಅದೇ ಲೆಕ್ಕದಲ್ಲಿ ಬರೆದಿಟ್ಟರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕೊಡಗಿನ ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು ಭಾಗದ ಗುಡ್ಡಗಳು ಜಾರಿದ್ದು 2018ರ ಆಗಸ್ಟ್ ಮಧ್ಯದಲ್ಲಿ. ಮೂಡಿಗೆರೆ ಸೀಮೆಯ ಮಲೆಮನೆ, ಮಧುಗುಂಡಿ, ಚನ್ನಡ್ಲು, ಆಲೇಖಾನ್ ಹೊರಟ್ಟಿಗಳು ನಲುಗಿದ್ದು 2019ರ ಆಗಸ್ಟ್ ಎರಡನೆಯ ವಾರದಲ್ಲಿ. ತಲಕಾವೇರಿಯ ಬ್ರಹ್ಮಗಿರಿ ಕುಸಿದು ಅರ್ಚಕರ ಮನೆಗಳನ್ನು ನುಂಗಿದ್ದು 2020ರ ಆಗಸ್ಟ್ 6ರ ನಸುಕಿನಲ್ಲಿ. ಮೂರೂ ಆಶ್ಲೇಷ ಮಳೆಯ ದಿನಗಳು ಅಥವಾ ಅದರ ಅಂಚಿನ ದಿನಗಳು. ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಅಳಿದುಹೋದ 2024ರ ಜುಲೈ 30 ಪುಷ್ಯ ಮಳೆಯ ಕಾಲ. ಪುಷ್ಯ ಮತ್ತು ಆಶ್ಲೇಷ ಎರಡೂ ಕೂಡಿದರೆ ಸುಮಾರು ನಾಲ್ಕು ವಾರ. ವರ್ಷದ ಅಪಾಯವೆಲ್ಲ ಈ ನಾಲ್ಕು ವಾರಗಳಲ್ಲೇ ಇದೆ ಎಂದಲ್ಲ. ಶಿರೂರಿನ ಹೆದ್ದಾರಿಯ ಮೇಲೆ ಗುಡ್ಡ ಬಿದ್ದದ್ದು 2024ರ ಜುಲೈ 16ರಂದು, ಪುನರ್ವಸುವಿನಲ್ಲಿ. ಆದರೂ ನೆಲ ನೀರುಂಡು ತಣಿದು, ಇನ್ನು ತಾಳಲಾರೆ ಎನ್ನುವ ಹೊತ್ತು ಬಹುಮಟ್ಟಿಗೆ ಇದೇ.

ಹಾಗಾದರೆ ಆ ಹೊತ್ತಿನಲ್ಲಿ ಜನರೇನು ಮಾಡಬೇಕು? ಪ್ರತಿ ದುರಂತದ ನಂತರವೂ ಕೇಳಿಬರುವ ಮಾತು ಒಂದೇ: “ಗುಡ್ಡದ ಊರುಗಳನ್ನೇ ಖಾಲಿ ಮಾಡಿಸಬೇಕು.” ದೂರದ ನಗರದಲ್ಲಿ ಕುಳಿತವರಿಗೆ ಇದು ಸುಲಭದ ಪರಿಹಾರವಾಗಿ ಕಾಣುತ್ತದೆ. ಗುಡ್ಡದ ಮೇಲಿರುವವರಿಗೆ ಬೆದರಿಕೆಯಾಗಿ ಕೇಳಿಸುತ್ತದೆ. ಇವೆರಡರ ನಡುವೆ ಜೀವ ಉಳಿಸಬಲ್ಲ ಮೂರನೆಯ ದಾರಿಯೊಂದಿದೆ. ಅದರ ಕುರಿತು ಮಳೆಗಾಲಕ್ಕೆ ಮುಂಚೆಯೇ, ಬಿಸಿಲಿನ ದಿನಗಳಲ್ಲೇ ಯೋಚಿಸಬೇಕಾಗಿದೆ.

ಇಡೀ ನಗರ ಎದ್ದು ಹೊರಟಾಗ

ಒಂದು ಪ್ರದೇಶವನ್ನೇ ಮುಂಚಿತವಾಗಿ ಖಾಲಿ ಮಾಡಿಸಬೇಕೆ ಎಂಬ ಪ್ರಶ್ನೆ ಅತಿ ದೊಡ್ಡ ಪ್ರಮಾಣದಲ್ಲಿ ಎದ್ದಿರುವುದು ಕಡಲ ತೀರಗಳಲ್ಲಿ, ಚಂಡಮಾರುತಗಳ ಎದುರಿನಲ್ಲಿ. ಅಲ್ಲಿಯ ಅನುಭವದಿಂದ ಕಲಿಯಬೇಕಾದದ್ದು ಬಹಳಷ್ಟಿದೆ.

1999ರ ಅಕ್ಟೋಬರ್ 29ರಂದು ಒಡಿಶಾಕ್ಕೆ ಅಪ್ಪಳಿಸಿದ ಮಹಾ ಚಂಡಮಾರುತದಲ್ಲಿ ಸುಮಾರು 10,000 ಜನ ಸತ್ತರು. ಆ ಬಳಿಕ ಆ ರಾಜ್ಯ ಕರಾವಳಿಯುದ್ದಕ್ಕೂ ಆಶ್ರಯ ಕಟ್ಟಡಗಳನ್ನು ಕಟ್ಟಿತು, ಹಳ್ಳಿಹಳ್ಳಿಯಲ್ಲಿ ಸ್ವಯಂಸೇವಕರನ್ನು ತರಬೇತುಗೊಳಿಸಿತು. 2013ರ ಫೈಲಿನ್ ಚಂಡಮಾರುತದ ಮುನ್ನ ಸುಮಾರು 10 ಲಕ್ಷ, 2019ರ ಮೇ ತಿಂಗಳ ಫೋನಿ ಚಂಡಮಾರುತದ ಮುನ್ನ ಸುಮಾರು 12 ಲಕ್ಷ ಜನರನ್ನು ಸುರಕ್ಷಿತ ಜಾಗಗಳಿಗೆ ಸಾಗಿಸಲಾಯಿತು. ಫೋನಿಗೆ ಒಡಿಶಾದಲ್ಲಿ ಬಲಿಯಾದವರು 64. ಒಂದು ಜೀವವೂ ಚಿಕ್ಕದಲ್ಲ, ಆದರೆ ಇಪ್ಪತ್ತು ವರ್ಷಗಳ ಅಂತರದಲ್ಲಿ ಸಾವಿರಗಳು ಹತ್ತುಗಳಿಗೆ ಇಳಿದದ್ದು ಸಾಮಾನ್ಯ ಸಾಧನೆಯಲ್ಲ.

ಅಮೆರಿಕದ ಕತೆ ಬೇರೆ. 2005ರ ಆಗಸ್ಟ್ 28ರಂದು ನ್ಯೂ ಆರ್ಲಿಯನ್ಸ್ ನಗರವನ್ನು ಎಲ್ಲರೂ ತೊರೆಯಬೇಕೆಂದು ಆಜ್ಞೆಯಾಯಿತು; ಮರುದಿನ ಬೆಳಿಗ್ಗೆಯೇ ಕತ್ರಿನಾ ಬಂದು ಬಡಿಯಿತು. ಕಾರಿದ್ದವರು ಹೋದರು. ಕಾರಿಲ್ಲದ ಬಡವರು, ಮುದುಕರು, ರೋಗಿಗಳು ಉಳಿದರು. ಸತ್ತವರಲ್ಲಿ ಅವರೇ ಬಹಳ. ಇದರಿಂದ ಬೆದರಿದ ಟೆಕ್ಸಸ್‌ನಲ್ಲಿ ಒಂದೇ ತಿಂಗಳೊಳಗೆ ರೀಟಾ ಚಂಡಮಾರುತದ ಭಯಕ್ಕೆ ಹ್ಯೂಸ್ಟನ್ ಸುತ್ತಲಿನ 25 ಲಕ್ಷಕ್ಕೂ ಹೆಚ್ಚು ಜನ ಒಮ್ಮೆಲೇ ರಸ್ತೆಗಿಳಿದರು. ಹೆದ್ದಾರಿಗಳು ತಾಸುಗಟ್ಟಲೆ ಕಟ್ಟಿಹೋದವು. ವೃದ್ಧಾಶ್ರಮದವರನ್ನು ಹೊತ್ತ ಬಸ್ಸೊಂದಕ್ಕೆ ಬೆಂಕಿ ಹತ್ತಿ 23 ಮಂದಿ ತೀರಿಕೊಂಡರು. ಬಿಸಿಲು, ಬಳಲಿಕೆ, ಅಪಘಾತಗಳಿಂದ ಆ ಪಲಾಯನದಲ್ಲೇ ಸತ್ತವರ ಸಂಖ್ಯೆ ನೂರರ ಆಸುಪಾಸು. ಚಂಡಮಾರುತ ನೇರವಾಗಿ ಕೊಂದದ್ದು ಅದಕ್ಕಿಂತ ಎಷ್ಟೋ ಕಡಿಮೆ. ಆ ನೆನಪಿನಿಂದಲೇ 2017ರಲ್ಲಿ ಹಾರ್ವೆ ಚಂಡಮಾರುತ ಬಂದಾಗ ಹ್ಯೂಸ್ಟನ್ ಮೇಯರ್ ಇಡೀ ನಗರ ತೊರೆಯುವ ಆಜ್ಞೆ ಹೊರಡಿಸಲಿಲ್ಲ. ನಗರ ಮುಳುಗಿತು; ಆ ತೀರ್ಮಾನ ಸರಿಯೇ ತಪ್ಪೇ ಎಂಬ ವಾದ ಎದ್ದಿತು.

ಈ ಉದಾಹರಣೆಗಳಿಂದ ಹೊರಡುವ ತಿಳಿವಳಿಕೆ ಸರಳವಾದದ್ದು. ಜನರನ್ನು ಸಾಗಿಸುವುದರಿಂದಲೇ ಜೀವ ಉಳಿಯುವುದಿಲ್ಲ. ಯಾರನ್ನು, ಎಲ್ಲಿಗೆ, ಯಾವ ದಾರಿಯಲ್ಲಿ, ಯಾವ ಹೊತ್ತಿಗೆ ಎಂಬುದು ಮೊದಲೇ ನಿರ್ಧಾರವಾಗಿದ್ದರೆ ಮಾತ್ರ ಉಳಿಯುತ್ತದೆ. ಒಡಿಶಾದಲ್ಲಿ ಜನ ಹೋದದ್ದು ನೂರಾರು ಕಿಲೋಮೀಟರ್ ದೂರಕ್ಕಲ್ಲ. ಹೆಚ್ಚಿನವರು ಹೋದದ್ದು ತಮ್ಮದೇ ಊರಿನ ಹತ್ತಿರದ ಗಟ್ಟಿ ಕಟ್ಟಡಕ್ಕೆ.

ಗುಡ್ಡ ಚಂಡಮಾರುತವಲ್ಲ

ಕಡಲಿನ ಚಂಡಮಾರುತವನ್ನು ಉಪಗ್ರಹ ಮೂರು ನಾಲ್ಕು ದಿನ ಮುಂಚೆಯೇ ನೋಡುತ್ತದೆ. ಗುಡ್ಡಕ್ಕೆ ಅಂಥ ಮುನ್ಸೂಚನೆ ಇಲ್ಲ. ಭಾರೀ ಮಳೆಯ ಸಾಧ್ಯತೆಯನ್ನು ಹವಾಮಾನ ಇಲಾಖೆ ಜಿಲ್ಲೆಯ ಮಟ್ಟದಲ್ಲಿ ಹೇಳಬಲ್ಲದು. ಚಿಕ್ಕಮಗಳೂರು ಜಿಲ್ಲೆಗೆ ಆರೆಂಜ್ ಅಲರ್ಟ್ ಎಂದರೆ ಅದು ಬಯಲಿನ ಕಡೂರಿಗೂ ಒಂದೇ, ಕಳಸಕ್ಕೂ ಒಂದೇ. ಆದರೆ ಕುಸಿಯುವುದು ಜಿಲ್ಲೆಯಲ್ಲ, ಒಂದು ಇಳಿಜಾರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ ತಯಾರಿಸಿರುವ ಕುಸಿತ ಸಾಧ್ಯತೆಯ ನಕ್ಷೆಗಳ ಅಳತೆ 1:50,000. ಅಂದರೆ ಕಾಗದದ ಒಂದು ಸೆಂಟಿಮೀಟರ್ ನೆಲದ ಮೇಲೆ 500 ಮೀಟರ್. ಆ ಒಂದು ಸೆಂಟಿಮೀಟರಿನೊಳಗೆ ಗಟ್ಟಿ ಬಂಡೆಯ ಮೇಲಿನ ಮನೆಯೂ ಇರಬಹುದು, ಸಡಿಲ ಧರೆಯ ಕೆಳಗಿನ ಮನೆಯೂ ಇರಬಹುದು.

ಆದ್ದರಿಂದ ಇಡೀ ಕಳಸ ತಾಲ್ಲೂಕನ್ನೋ ಇಡೀ ಒಂದು ಪಂಚಾಯಿತಿಯನ್ನೋ ಖಾಲಿ ಮಾಡಿಸುವ ಆಲೋಚನೆಗೆ ಅರ್ಥವಿಲ್ಲ, ಅದರಿಂದ ಅಪಾಯವೂ ಇದೆ. ಹೆಬ್ಬಾಳೆ ಸೇತುವೆಯ ಮೇಲೆ ಭದ್ರೆ ಹರಿದು ಕಳಸ–ಹೊರನಾಡು ಸಂಪರ್ಕ ಕಡಿದ ಮಳೆಗಾಲಗಳು ಒಂದೆರಡಲ್ಲ. ಚಾರ್ಮಾಡಿ ಘಾಟಿಯಲ್ಲಿ ಮಣ್ಣು ಬಿದ್ದರೆ ಆ ದಾರಿಯೂ ಇಲ್ಲ. ಇಂಥ ನೆಲದಲ್ಲಿ ಸಾವಿರಾರು ಜನರನ್ನು ಮಳೆಯ ನಡುವೆ ರಸ್ತೆಗಿಳಿಸಿದರೆ, ಸುರಕ್ಷಿತ ಮನೆಯಲ್ಲಿದ್ದವರನ್ನು ಕುಸಿಯುವ ರಸ್ತೆಗೆ ತಂದು ನಿಲ್ಲಿಸಿದಂತಾಗುತ್ತದೆ. ಹ್ಯೂಸ್ಟನ್ನಿನ ಪಾಠ ಮಲೆನಾಡಿಗೆ ಬೇಕಾಗುವುದು ಇಲ್ಲಿ.

ಬೇಕಾಗಿರುವುದು ಮನೆಗಳ ಪಟ್ಟಿ. ಯಾವ ಮನೆಯ ಹಿಂದೆ ಕಡಿದ ಧರೆ ನೆಟ್ಟಗೆ ನಿಂತಿದೆ, ಯಾವುದರ ಮೇಲೆ ರಸ್ತೆಯ ಮೋರಿ ನೀರು ಸುರಿಯುತ್ತದೆ, ಯಾವುದು ಹಳ್ಳದ ಹಳೆಯ ಪಾತ್ರದಲ್ಲಿದೆ ಎಂಬುದನ್ನು ಊರಿನವರು ಯಾರ ಸಹಾಯವೂ ಇಲ್ಲದೆ ಹೇಳಬಲ್ಲರು. ಇದರೊಂದಿಗೆ ವಯನಾಡಿನ ಕಹಿ ಪಾಠವೊಂದನ್ನು ಸೇರಿಸಿಕೊಳ್ಳಬೇಕು. ಅಲ್ಲಿ ಗುಡ್ಡದ ತುದಿಯಲ್ಲಿ ಹೊರಟ ಮಣ್ಣು, ಬಂಡೆ, ಮರಗಳ ಪ್ರವಾಹ ಹೊಳೆಯ ಜಾಡು ಹಿಡಿದು ಸುಮಾರು 8 ಕಿಲೋಮೀಟರ್ ಹರಿಯಿತು. ಚೂರಲ್‌ಮಲದಲ್ಲಿ ಸತ್ತವರು ಕಡಿದಾದ ಇಳಿಜಾರಿನಲ್ಲಿ ವಾಸವಾಗಿದ್ದವರಲ್ಲ. ಕೆಳಗೆ, ಹೊಳೆಯಂಚಿನ ಸಮತಟ್ಟಾದ ಜಾಗದಲ್ಲಿದ್ದವರು. ಪಟ್ಟಿ ಮಾಡುವಾಗ ಗುಡ್ಡದ ಬುಡ ಮಾತ್ರವಲ್ಲ, ಹಳ್ಳದ ಇಕ್ಕೆಲವನ್ನೂ ನೋಡಬೇಕು.

ಅಳತೆ ಊರಿನದ್ದೇ ಆಗಬೇಕು

ಯಾವಾಗ ಹೊರಡಬೇಕು? ಈ ಪ್ರಶ್ನೆಗೆ ಉತ್ತರ ಮಳೆಮಾಪಕದಲ್ಲಿದೆ. ಕಲ್ಪೆಟ್ಟದ ಹ್ಯೂಮ್ ಪರಿಸರ ಅಧ್ಯಯನ ಕೇಂದ್ರ ವಯನಾಡಿನಾದ್ಯಂತ ಇನ್ನೂರಕ್ಕೂ ಹೆಚ್ಚು ಮಳೆಮಾಪಕಗಳ ಜಾಲವೊಂದನ್ನು ಸ್ಥಳೀಯರ ನೆರವಿನಿಂದ ನಡೆಸುತ್ತಿದೆ. 2020ರಲ್ಲಿ ಅದರ ಎಚ್ಚರಿಕೆಯನ್ನು ನಂಬಿ ಮುಂಡಕ್ಕೈನ ಜನರನ್ನು ಸಾಗಿಸಲಾಗಿತ್ತು. ಗುಡ್ಡ ಕುಸಿಯಿತು, ಜೀವಹಾನಿಯಾಗಲಿಲ್ಲ. 2024ರಲ್ಲೂ ಹಿಂದಿನ ದಿನವೇ ಎಚ್ಚರಿಸಿದ್ದಾಗಿ ಕೇಂದ್ರದ ಮುಖ್ಯಸ್ಥರು ಹೇಳಿದ್ದಾರೆ. ಆ 48 ಗಂಟೆಗಳಲ್ಲಿ ಅಲ್ಲಿ ಸುರಿದ ಮಳೆ 572 ಮಿಲಿಮೀಟರ್. ಆದರೂ ಜಿಲ್ಲೆಗೆ ಇದ್ದದ್ದು ಆರೆಂಜ್ ಅಲರ್ಟ್. ರೆಡ್ ಅಲರ್ಟ್ ಬಂದದ್ದು ಗುಡ್ಡ ಬಿದ್ದ ಮೇಲೆ. ಸರ್ಕಾರದ ಲೆಕ್ಕದಲ್ಲೇ ಸತ್ತವರು, ಕಾಣೆಯಾದವರು ಸೇರಿ ಮುನ್ನೂರರ ಸಮೀಪ. ಅದೇ ಊರು, ಅದೇ ಗುಡ್ಡ. ನಾಲ್ಕು ವರ್ಷಗಳ ಅಂತರದಲ್ಲಿ ಎರಡು ಬಗೆಯ ಫಲ.

ಶ್ರೀಲಂಕಾದ ಗುಡ್ಡಗಾಡಿನಲ್ಲಿ ಒಂದು ದಿನದಲ್ಲಿ 75 ಮಿ.ಮೀ. ಮಳೆಗೆ ನಿಗಾ, 100ಕ್ಕೆ ಎಚ್ಚರಿಕೆ, 150ಕ್ಕೆ ತೆರವು ಎಂಬ ಕ್ರಮ ಇದೆ. ಅದನ್ನು ಹಾಗೆಯೇ ಕಳಸಕ್ಕೆ ತರಲಾಗದು. ಇಲ್ಲಿ ಜುಲೈ ತಿಂಗಳಲ್ಲಿ ದಿನಕ್ಕೆ 150 ಮಿ.ಮೀ. ಸುರಿಯುವುದು ವಿಶೇಷವಲ್ಲ, ಆ ಅಳತೆ ಹಿಡಿದರೆ ಜನ ಮತ್ತೆ ಮತ್ತೆ ಮನೆ ಬಿಡಬೇಕಾದೀತು. ಅಲ್ಲದೆ ಒಂದು ದಿನದ ಮಳೆಗಿಂತ ಅದರ ಹಿಂದಿನ ಹತ್ತು ಹದಿನೈದು ದಿನಗಳ ಮಳೆ ಮುಖ್ಯ. ಮಣ್ಣಿನ ಕಣಗಳ ನಡುವಿನ ತೆರಪುಗಳಲ್ಲಿ ನೀರು ತುಂಬಿದಂತೆಲ್ಲ ಒಳಗಿನ ಒತ್ತಡ ಏರಿ, ಕಣ ಕಣವನ್ನು ಹಿಡಿದಿರುವ ಬಿಗಿ ಸಡಿಲವಾಗುತ್ತದೆ. ಜೂನ್ ಆರಂಭದ ಎಂಟು ಇಂಚು ಮಳೆಯನ್ನು ಒಣನೆಲ ಕುಡಿದುಬಿಡುತ್ತದೆ. ಅದೇ ಎಂಟು ಇಂಚು ಆಶ್ಲೇಷದಲ್ಲಿ ಗುಡ್ಡವನ್ನು ಜಾರಿಸಬಲ್ಲದು. ಕಾಫಿಯ ಮತ್ತು ನೆರಳು ಮರಗಳ ಬೇರು ಮೇಲಿನ ಪದರವನ್ನು ಹಿಡಿಯುವುದು ನಿಜ, ಆದರೆ ಜಾರುವ ಪದರ ಬೇರಿಗಿಂತ ಆಳದಲ್ಲಿದ್ದರೆ ಮರಗಳೂ ಮಣ್ಣಿನೊಂದಿಗೆ ಹೊರಟುಬಿಡುತ್ತವೆ.

ಊರಿನ ಅಳತೆಯನ್ನು ಕಂಡುಕೊಳ್ಳುವ ಸಂಪತ್ತು ಮಲೆನಾಡಿನಲ್ಲಿ ಈಗಾಗಲೇ ಇದೆ. ಕಾಫಿ ತೋಟಗಳಲ್ಲಿ ಇಂಚು, ಸೆಂಟ್ ಲೆಕ್ಕದಲ್ಲಿ ಮಳೆ ಬರೆದಿಡುವ ರೂಢಿ ತಲೆಮಾರುಗಳಿಂದ ಬಂದದ್ದು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇಟ್ಟಿದೆ. ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ 1925ರಷ್ಟು ಹಳೆಯದು. 2019ರ ಆ ವಾರ ಯಾವ ತೋಟದಲ್ಲಿ ಎಷ್ಟು ಮಳೆ ಬಿತ್ತು, ಅದಕ್ಕೆ ಮುಂಚಿನ ಹದಿನೈದು ದಿನಗಳಲ್ಲಿ ಎಷ್ಟು ಬಿದ್ದಿತ್ತು, ಎಲ್ಲಿ ಮಣ್ಣು ಜಾರಿತು ಎಂಬ ಮೂರು ಸಂಗತಿಗಳನ್ನು ಒಂದೆಡೆ ಸೇರಿಸಿದರೆ ಊರಿಗೊಂದು ಅಳತೆಯ ಮೊದಲ ಕರಡು ಸಿದ್ಧವಾಗುತ್ತದೆ. ಅದು ಪರಿಪೂರ್ಣವಾಗಿರುವುದಿಲ್ಲ, ವರ್ಷ ವರ್ಷ ತಿದ್ದಿಕೊಳ್ಳಬಹುದು. ಮಳೆಯ ಅಳತೆ ಏನೇ ಹೇಳಲಿ, ನೆಲ ಬಿರುಕು ಬಿಟ್ಟರೆ, ಮರ ವಾಲಿದರೆ, ಒರತೆಯಲ್ಲಿ ಕೆಸರು ನೀರು ಬಂದರೆ, ತುಂಬಿ ಹರಿಯುತ್ತಿದ್ದ ಹಳ್ಳ ಇದ್ದಕ್ಕಿದ್ದಂತೆ ಬತ್ತಿದರೆ ಆ ಕ್ಷಣವೇ ಹೊರಡಬೇಕು. ಹಳ್ಳ ಬತ್ತಿತೆಂದರೆ ಮೇಲೆಲ್ಲೋ ಮಣ್ಣು ಅಡ್ಡ ಬಿದ್ದು ನೀರು ಕಟ್ಟಿಕೊಂಡಿದೆ ಎಂದೇ ತಿಳಿಯಬೇಕು.

ಜನ ಏಕೆ ಹೊರಡುವುದಿಲ್ಲ?

“ಎಷ್ಟು ಹೇಳಿದರೂ ಜನ ಕೇಳುವುದಿಲ್ಲ” ಎಂಬುದು ಅಧಿಕಾರಿಗಳ ಸಾಮಾನ್ಯ ದೂರು. ಕೇಳದಿರುವುದಕ್ಕೆ ಕಾರಣಗಳಿವೆ, ಅವು ಮೂರ್ಖತನದವಲ್ಲ. ಕೊಟ್ಟಿಗೆಯಲ್ಲಿ ಕರೆಯುವ ಹಸುವಿದೆ. ಅಡಿಕೆಗೆ ಕೊಳೆರೋಗ ತಗಲುವ ಕಾಲ. ಮಳೆ ಒಂದು ದಿನ ಬಿಡುವು ಕೊಟ್ಟರೆ ಅಂದೇ ಬೋರ್ಡೋ ಹೊಡೆಯಬೇಕು. ಹಾಸಿಗೆ ಹಿಡಿದ ಮುದುಕರಿದ್ದಾರೆ. ಖಾಲಿ ಮನೆಗೆ ಕಳ್ಳರ ಭಯವಿದೆ.

ಇವೆಲ್ಲಕ್ಕಿಂತ ಆಳದ ಕಾರಣ ‘ಸ್ಥಳಾಂತರ’ ಎಂಬ ಪದದಲ್ಲೇ ಅಡಗಿದೆ. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾಗಿ, 2001ರಲ್ಲಿ ಅಂತಿಮ ಅಧಿಸೂಚನೆ ಹೊರಬಿದ್ದ ಮೇಲೆ ಕಳಸದ ಸುತ್ತಲಿನ ಅನೇಕ ಕುಟುಂಬಗಳು ಈ ಪದದ ನೆರಳಲ್ಲೇ ಬದುಕಿವೆ. ಗಾಡ್ಗೀಳ್ ಸಮಿತಿಯ 2011ರ ವರದಿ, ಕಸ್ತೂರಿರಂಗನ್ ಸಮಿತಿಯ 2013ರ ವರದಿ, ಆ ನಂತರ ಮತ್ತೆ ಮತ್ತೆ ಬಂದ ಕರಡು ಅಧಿಸೂಚನೆಗಳು, ಎಲ್ಲವೂ ಆ ಅಳುಕನ್ನು ಹೆಚ್ಚಿಸಿವೆ. 2019ರಲ್ಲಿ ಮನೆ ಕಳೆದುಕೊಂಡವರ ಪುನರ್ವಸತಿ ವರ್ಷಗಟ್ಟಲೆ ಎಳೆದದ್ದನ್ನು ಅಕ್ಕಪಕ್ಕದವರು ಕಣ್ಣಾರೆ ಕಂಡಿದ್ದಾರೆ. ಹೀಗಿರುವಾಗ ಮಳೆಯ ರಾತ್ರಿ ಅಧಿಕಾರಿಯೊಬ್ಬರು ಬಂದು “ಮನೆ ಬಿಡಿ” ಎಂದರೆ, ಕೇಳುವವರ ಕಿವಿಗೆ ಅದು “ನಾಳೆ ಬೆಳಿಗ್ಗೆ ಹಿಂತಿರುಗಬಹುದು” ಎಂದು ಕೇಳಿಸುವುದಿಲ್ಲ. “ಇನ್ನು ಈ ಜಾಗ ನಿಮ್ಮದಲ್ಲ” ಎಂದು ಕೇಳಿಸುತ್ತದೆ. ದಾಖಲೆ ಸರಿಯಿಲ್ಲದ ಒತ್ತುವರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗಂತೂ ಬಾಗಿಲು ಹಾಕಿ ಹೊರಡುವುದೆಂದರೆ ಹಕ್ಕನ್ನೇ ಬಿಟ್ಟುಕೊಟ್ಟಂತೆ.

ಪರಿಸರ ಚಳವಳಿಯೂ ಇಲ್ಲಿ ತನ್ನ ಮಾತನ್ನು ತೂಗಿ ನೋಡಬೇಕು. ಕಾಡಿನ ರಕ್ಷಣೆಯ ವಾದ ಬೇರೆ, ಮಳೆಯ ರಾತ್ರಿಯ ಜೀವರಕ್ಷಣೆಯ ವಾದ ಬೇರೆ. ಗುಡ್ಡ ಕುಸಿದ ಮರುದಿನವೇ “ಅದಕ್ಕೇ ಹೇಳಿದ್ದು, ಅಲ್ಲಿ ಜನ ಇರಬಾರದು” ಎಂದರೆ ಎರಡೂ ವಾದಗಳು ಸೋಲುತ್ತವೆ. ಮುಂದಿನ ಬಾರಿ ಎಚ್ಚರಿಕೆ ಬಂದಾಗ ಆ ಜನ ಮನೆಯೊಳಗೇ ಉಳಿಯುತ್ತಾರೆ.

ತೋಟದ ಲೈನ್ ಮನೆಗಳ ಮಾತೇ ಬೇರೆ. ಅಲ್ಲಿ ವಾಸಿಸುವವರಿಗೆ ಮನೆಯೂ ತಮ್ಮದಲ್ಲ, ಹೊರಡುವ ತೀರ್ಮಾನವೂ ತಮ್ಮದಲ್ಲ. ಒಂದು ದಿನ ಕೆಲಸ ತಪ್ಪಿದರೆ ಅಂದಿನ ಕೂಲಿಯೂ ಇಲ್ಲ. ಹಲವರು ಹೊರ ರಾಜ್ಯಗಳಿಂದ ಬಂದವರು; ಕನ್ನಡದ ಪ್ರಕಟಣೆ ಅವರಿಗೆ ತಲುಪುವುದಿಲ್ಲ. ಶ್ರೀಲಂಕಾದ ಕೊಸ್ಲಂದ ಬಳಿಯ ಮೀರಿಯಬೆದ್ದ ಚಹಾ ತೋಟದಲ್ಲಿ 2014ರ ಅಕ್ಟೋಬರ್ 29ರಂದು ಇಂಥ ಲೈನ್ ಮನೆಗಳೇ ಮಣ್ಣಿನಡಿ ಸೇರಿದವು. ಅಲ್ಲಿನವರಿಗೆ 2005ರಲ್ಲೂ 2011ರಲ್ಲೂ ಜಾಗ ಬಿಡುವಂತೆ ಹೇಳಲಾಗಿತ್ತು. ಹೋಗುವುದೆಲ್ಲಿಗೆ ಎಂಬುದನ್ನು ಮಾತ್ರ ಯಾರೂ ಏರ್ಪಡಿಸಿರಲಿಲ್ಲ. ವಯನಾಡಿನಲ್ಲಿಯೂ ತೋಟದ ಪಾಡಿಗಳಲ್ಲಿದ್ದ ಕಾರ್ಮಿಕ ಕುಟುಂಬಗಳು ದೊಡ್ಡ ಬೆಲೆ ತೆತ್ತವು.

ಹುಸಿಯಾದ ಎಚ್ಚರಿಕೆ ನಷ್ಟವಲ್ಲ

ಇಲ್ಲಿ ನ್ಯಾಯವಾದ ಒಂದು ಆಕ್ಷೇಪಣೆ ಏಳುತ್ತದೆ. ಎರಡು ಬಾರಿ ಜನರನ್ನು ಎಬ್ಬಿಸಿ, ಎರಡು ಬಾರಿಯೂ ಗುಡ್ಡ ಕುಸಿಯದಿದ್ದರೆ ಮೂರನೆಯ ಬಾರಿ ಯಾರು ಹೊರಡುತ್ತಾರೆ? ಆಕ್ಷೇಪಣೆಯಲ್ಲಿ ಸತ್ಯವಿದೆ. ಗುಡ್ಡದ ವಿಷಯದಲ್ಲಿ ಹತ್ತು ಎಚ್ಚರಿಕೆಗಳಲ್ಲಿ ಎಂಟೊಂಬತ್ತು ಹುಸಿಯಾದರೂ ಆಶ್ಚರ್ಯಪಡಬೇಕಿಲ್ಲ.

ಆದರೆ ಅಡಿಕೆ ಬೆಳೆಗಾರರು ಈ ತರ್ಕವನ್ನು ಬಹುಕಾಲದಿಂದ ಬಲ್ಲರು. ಕೊಳೆ ಬರುತ್ತದೋ ಇಲ್ಲವೋ ಎಂದು ಕಾದು ನೋಡಿ ಯಾರೂ ಬೋರ್ಡೋ ಹೊಡೆಯುವುದಿಲ್ಲ. ಮಳೆ ಹಿಡಿಯುವ ಮುನ್ನವೇ ಹೊಡೆಯುತ್ತಾರೆ. ಕೊಳೆ ಬಾರದ ವರ್ಷ ಮೈಲುತುತ್ತ, ಸುಣ್ಣ, ಕೂಲಿ ದಂಡವಾಯಿತೆಂದು ಯಾರೂ ಕೊರಗುವುದಿಲ್ಲ. ಫಸಲಿಗೆ ಸಲ್ಲುವ ಈ ವಿವೇಕ ಮನೆಮಂದಿಗೆ ಸಲ್ಲದೆ? ಹೊರಡುವ ಮನೆಗಳು ಊರಿಗೆ ಹತ್ತಿಪ್ಪತ್ತಷ್ಟೇ ಆದರೆ, ಹೋಗುವ ಜಾಗ ಅರ್ಧ ತಾಸಿನ ನಡಿಗೆಯಲ್ಲಿದ್ದರೆ, ಹುಸಿಯಾದ ಎಚ್ಚರಿಕೆಯ ವೆಚ್ಚ ಎರಡು ಮೂರು ರಾತ್ರಿಯ ತೊಂದರೆ ಮಾತ್ರ. ಎಚ್ಚರಿಕೆಯ ಅಳತೆ ಎಲ್ಲರಿಗೂ ತಿಳಿದದ್ದಾಗಿದ್ದರೆ, ಗುಡ್ಡ ಕುಸಿಯದಿದ್ದಾಗಲೂ ಜನ ಅದನ್ನು ಅಧಿಕಾರಿಯ ಪುಕ್ಕಲುತನ ಎನ್ನುವುದಿಲ್ಲ; ತಮ್ಮದೇ ಮಾಪಕದ ಮಾತನ್ನು ತಾವು ಪಾಲಿಸಿದೆವು ಎನ್ನುತ್ತಾರೆ.

ಆಗಬೇಕಾದ ಕೆಲಸ

ಪ್ರತಿ ವರ್ಷ ಮೇ ತಿಂಗಳಿನಲ್ಲಿ ಗ್ರಾಮಸಭೆ ಸೇರಿ ನಾಲ್ಕು ವಿಷಯಗಳನ್ನು ಬರೆದು ನಿರ್ಣಯಿಸಬೇಕು. ಮೊದಲನೆಯದು, ಅಪಾಯದ ಮನೆಗಳ ಪಟ್ಟಿ. ಲೈನ್ ಮನೆಗಳೂ ಅದರಲ್ಲಿರಬೇಕು. ಎರಡನೆಯದು, ಹೊರಡುವ ಮಳೆಯ ಅಳತೆ ಮತ್ತು ಅದನ್ನು ನೋಡಿ ಹೇಳುವವರು ಯಾರು ಎಂಬುದು. ಹೊರಡುವುದು ಸಂಜೆ ಬೆಳಕಿರುವಾಗಲೇ ಆಗಬೇಕು. ತಲಕಾವೇರಿ, ಮುಂಡಕ್ಕೈಗಳೆರಡೂ ಕತ್ತಲಲ್ಲಿ ಕುಸಿದವೆಂಬುದನ್ನು ಮರೆಯಬಾರದು. ಮೂರನೆಯದು, ಹೋಗುವ ಜಾಗ. ಮಳೆಗೆ ಶಾಲೆಗಳಿಗೆ ರಜೆ ಘೋಷಿಸುವುದು ಈಗ ರೂಢಿ. ಆದರೆ ಧರೆಯ ಕೆಳಗಿನ ಮನೆಯ ಮಗುವಿಗೆ ಗಟ್ಟಿ ನೆಲದ ಮೇಲಿನ ಶಾಲೆಯೇ ಹೆಚ್ಚು ಸುರಕ್ಷಿತ. ಅಂಥ ಶಾಲೆಯನ್ನು ಮುಂಚಿತವಾಗಿ ಗುರುತಿಸಿ, ಅಕ್ಕಿ, ಸೌದೆ, ದೀಪ, ದನಗಳಿಗೊಂದು ಚಪ್ಪರ ಸಿದ್ಧವಿಟ್ಟರೆ ಕಾಳಜಿ ಕೇಂದ್ರ ದುರಂತದ ನಂತರವಲ್ಲ, ಮುಂಚೆಯೇ ತೆರೆಯುತ್ತದೆ. ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ಹಿಂತಿರುಗುವ ಹಕ್ಕು. ಮಳೆಯ ದಿನಗಳಲ್ಲಿ ಮನೆ ಬಿಟ್ಟು ಹೋದದ್ದನ್ನು ಯಾವುದೇ ಭೂ ವ್ಯಾಜ್ಯದಲ್ಲಿ, ಯಾವುದೇ ತೆರವು ಪ್ರಕರಣದಲ್ಲಿ ಆ ಕುಟುಂಬದ ವಿರುದ್ಧ ಬಳಸುವುದಿಲ್ಲವೆಂದು ಜಿಲ್ಲಾಡಳಿತ ಲಿಖಿತವಾಗಿ ಒಪ್ಪಬೇಕು. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರಕ್ಕೆ ಅಧ್ಯಕ್ಷರು ಜಿಲ್ಲಾಧಿಕಾರಿಗಳೇ. ಭೂದಾಖಲೆಗಳ ಮೇಲೆ ಅಧಿಕಾರವಿರುವವರೂ ಅವರೇ. ಈ ಒಂದು ಕಾಗದಕ್ಕೆ ಅವರ ಸಹಿ ಬಿದ್ದರೆ, ಹತ್ತು ಧ್ವನಿವರ್ಧಕಗಳು ಮಾಡಲಾಗದ ಕೆಲಸ ಆಗುತ್ತದೆ. ಲೈನ್ ಮನೆಗಳವರಿಗೆ ಆ ದಿನಗಳ ಕೂಲಿ ಕೈತಪ್ಪದಂತೆ ತೋಟದ ಮಾಲೀಕರ ಸಂಘಗಳು ಒಪ್ಪಿಕೊಳ್ಳುವುದೂ ಇದರ ಭಾಗವಾಗಬೇಕು.

ಶಾಶ್ವತ ಪುನರ್ವಸತಿ ಬೇಕಾದ ಕುಟುಂಬಗಳೂ ಇವೆ ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಅದು ಬಿಸಿಲಿನಲ್ಲಿ ಕುಳಿತು, ಭೂಮಿ ತೋರಿಸಿ, ಒಪ್ಪಿಗೆ ಪಡೆದು ಮಾಡಬೇಕಾದ ಕೆಲಸ. ಮಳೆಯ ರಾತ್ರಿಯ ತುರ್ತಿನೊಂದಿಗೆ ಅದನ್ನು ಬೆರೆಸಿದರೆ ಎರಡೂ ಕೆಡುತ್ತವೆ.

ಕಳಸ, ಮೂಡಿಗೆರೆಗಳ ಶಾಲಾ ಕಾಲೇಜು ವಿದ್ಯಾರ್ಥಿಗಳಿಗೆ ಇಲ್ಲಿ ಹಿರಿಯರಿಂದಾಗದ ಪಾತ್ರವೊಂದಿದೆ. ಊರಿನ ಪ್ರತಿ ಹಳ್ಳದ ಪಕ್ಕದ ಮನೆಗಳನ್ನು ಎಣಿಸುವುದು, ತೋಟಗಳ ಹಳೆಯ ಮಳೆ ಪುಸ್ತಕಗಳಿಂದ 2018, 2019ರ ಆಗಸ್ಟ್ ತಿಂಗಳ ಪುಟಗಳನ್ನು ನಕಲು ಮಾಡುವುದು, ಶಾಲೆಯ ಅಂಗಳದಲ್ಲಿ ಮಾಪಕವಿಟ್ಟು ದಿನವೂ ಬೆಳಿಗ್ಗೆ ಎಂಟೂವರೆಗೆ ಅಳತೆಯನ್ನು ಹಲಗೆಯ ಮೇಲೆ ಬರೆಯುವುದು. ಇದಕ್ಕೆ ಅನುದಾನ ಬೇಕಿಲ್ಲ, ಆದೇಶ ಬೇಕಿಲ್ಲ. ಬರುವ ಪುಷ್ಯ ಮಳೆಯ ಹೊತ್ತಿಗೆ ಆ ಹಲಗೆಯ ಮೇಲಿನ ಅಂಕಿ ಏನೆಂದು ಊರಿನ ಪ್ರತಿ ಮನೆಗೂ ತಿಳಿದಿರಲಿ.